ನೀಲಿ ಸೆಲ್ಲು ಎಡಗಿವಿಗಲ್ಲ

ಪಕ್ಕದ ಮನೆ ಮೇಷ್ಟ್ರ ಕಿವಿಗೆ ಮಿಷನ್ ಬಂದ ಮೇಲೆ ನಮ್ಮ ಕಾಂಪೌಂಡ್ ಗೋಡೆಯ ಮಾತುಕತೆಗೆ ಹೊಸ ಬಾಬ್ತು ಸೇರಿಕೊಂಡಿದೆ. ಮುಂಚೆಯೆಲ್ಲ ಸೊಪ್ಪಿನ ರೇಟು, ನಲ್ಲಿ ನೀರು ಬಿಡುವ ಹೊತ್ತು, ಮೂಲೆ ಸೈಟಿನಲ್ಲಿ ಏಳುತ್ತಿರುವ ಕಟ್ಟಡದ ಧೂಳು, ಇಷ್ಟರಲ್ಲೇ ಬೆಳಗ್ಗೆ ಮುಗಿದುಹೋಗುತ್ತಿತ್ತು. ಈಗ ಸೆಲ್ಲು, ಡೋಮು, ಟ್ಯೂಬು, ಫಿಲ್ಟರು. ನಮ್ಮತ್ತೆಗೆ ಕಿವಿ ಮಂದವಾಗಿ ಬಹಳ ಕಾಲವಾಯಿತು. ಅವರ ಮಿಷನ್ನಿನ ಚಾಕರಿಯೆಲ್ಲ ನನ್ನದೇ ಆದ್ದರಿಂದ, ಸರಸ್ವತೀಪುರದ ನಮ್ಮ ಅಡ್ಡರಸ್ತೆಯಲ್ಲಿ ಈ ವಿದ್ಯೆಗೆ ನಾನೇ ಹಳೇ ಹುಲಿ. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ಬೇರೆ ಯಾವುದರಲ್ಲೂ ಇನ್ನೊಬ್ಬರ ಸಲಹೆ ಕೇಳುವ ಪೈಕಿ ಅಲ್ಲ. ಕಿವಿಯ ವಿಷಯಕ್ಕೆ ಮಾತ್ರ ತಾವಾಗಿಯೇ ಗೋಡೆ ಹತ್ತಿರ ಬರುತ್ತಾರೆ.

ಮೊನ್ನೆ ಬಂದಾಗ ಕೈಯಲ್ಲಿ ಎರಡು ಸೆಲ್ಲಿನ ಪ್ಯಾಕೆಟ್ಟು. ಒಂದರಲ್ಲಿ ನೀಲಿ ಸ್ಟಿಕ್ಕರಿನವು, ಇನ್ನೊಂದರಲ್ಲಿ ಕಂದು.

"ನೋಡಮ್ಮ, ಎಡಗಿವಿ ಮಿಷನ್ನಿಗೆ ನೀಲಿ ಗುರುತು, ಬಲಗಿವಿದಕ್ಕೆ ಕೆಂಪು ಅಂತ ಡಾಕ್ಟ್ರು ಹೇಳಿ ಕಳಿಸಿದ್ರು. ಸರಿ ಅಂತ ಎಡಕ್ಕೆ ನೀಲಿ ಸೆಲ್ಲು ತಂದೆ. ಒಳಗೇ ಹೋಗಲ್ಲ. ಕೆಂಪು ಕೊಡಯ್ಯಾ ಅಂದ್ರೆ, ಕೆಂಪು ಬರೋದೇ ಇಲ್ಲ ಸಾರ್ ಅಂತ ಕಂದು ಕೊಟ್ಟ. ಅದು ನೋಡಿದ್ರೆ ಎರಡು ಕಿವಿದಕ್ಕೂ ಕೂತ್ಕೊಳ್ತಿದೆ. ಇದ್ಯಾವ ಲೆಕ್ಕ?"

ಅಂಗಡಿಯವನ ಪುಣ್ಯ, ಮೇಷ್ಟ್ರು ಅಲ್ಲೇ ಪಾಠ ಶುರುಮಾಡಲಿಲ್ಲ.

"ಮಿಷನ್ ಮೇಲಿರೋ ನೀಲಿ ಬೇರೆ, ಸೆಲ್ಲಿನ ನೀಲಿ ಬೇರೆ, ಮೇಷ್ಟ್ರೇ. ಮಿಷನ್ ಮೇಲಿಂದು ಯಾವ ಕಿವಿ ಅಂತ ಹೇಳತ್ತೆ. ಸೆಲ್ಲಿಂದು ಬರೀ ಸೈಜು."

ಸೆಲ್ಲಿಗೆ ಇರುವುದು ನಾಲ್ಕು ಬಣ್ಣ. ಹಳದಿ ಅಂದರೆ 10ನೇ ನಂಬರು, ಎಲ್ಲಕ್ಕಿಂತ ಚಿಕ್ಕದು. ಕಂದು 312, ಕಿತ್ತಳೆ 13, ನೀಲಿ 675. ನೀಲಿಯದು 11.6 ಮಿಲಿಮೀಟರ್ ಅಗಲ. ಜೋರು ಕಿವುಡಿಗೆ ಹಾಕುವ ದೊಡ್ಡ ಮಿಷನ್ನುಗಳಿಗೆ. ಮೇಷ್ಟ್ರ ಕಡ್ಡಿಯಂಥ ಮಿಷನ್ನಿಗೆ 312. ಅದರ ಅಗಲ 7.9 ಮಾತ್ರ. 13ರ ಅಗಲವೂ ಅಷ್ಟೇ, ದಪ್ಪ ಮಾತ್ರ ಹೆಚ್ಚು: 312 ಇರುವುದು 3.6, 13 ಇರುವುದು 5.4. ಹಾಗಾಗಿ ಮೇಲಿಂದ ನೋಡಿದರೆ ಎರಡೂ ಒಂದೇ ಅನ್ನಿಸುತ್ತವೆ. ಒತ್ತಿ ಮುಚ್ಚಲು ಹೋದವರು ಸೆಲ್ಲಿನ ಬಾಗಿಲನ್ನೇ ಮುರಿದುಕೊಳ್ಳುತ್ತಾರೆ. ಆ ಚಿಟಿಕೆಯಷ್ಟು ಪ್ಲಾಸ್ಟಿಕ್ ಬಾಗಿಲನ್ನೂ ಆಯಾ ಮಾಡೆಲ್ಲಿನದೇ ಹುಡುಕಿ ತರಿಸಬೇಕು.

ಕಿವಿ ಮಿಷನ್ನಿನ ಪ್ರಪಂಚದಲ್ಲಿ ಎಲ್ಲ ಕಂಪನಿಯವರೂ ಒಪ್ಪಿ ನಡೆಯುವ ಸಂಗತಿ ಎರಡೇ ಅಂತ ನನ್ನ ಲೆಕ್ಕ. ಬಲಕ್ಕೆ ಕೆಂಪು ಎಡಕ್ಕೆ ನೀಲಿ ಅನ್ನುವುದೊಂದು, ಈ ನಾಲ್ಕು ಸೆಲ್ಲುಗಳದೊಂದು. ಜರ್ಮನಿಯ ಸೆಲ್ಲನ್ನು ಅಮೆರಿಕದ ಮಿಷನ್ನಿಗೆ ಹಾಕಿ, ನಂಬರು ಸರಿಯಿದ್ದರೆ ಓಡುತ್ತದೆ. ಇವೆರಡನ್ನು ದಾಟಿದಿರೋ, ಮುಂದೆ ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತದೆ ಅಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

"ನೀಲಿ ಪ್ಯಾಕೆಟ್ಟು ಈ ಕಡೆ ಕೊಡಿ," ಅಂದೆ. "ನಮ್ಮತ್ತೆದು 675. ದುಡ್ಡು ಕೊಟ್ಬಿಡ್ತೀನಿ."

"ವಾಚಿನ ಅಂಗಡಿಯಲ್ಲೂ ಇದೇ ಸೈಜಿಂದು ಇಟ್ಟಿದ್ದ. ಅರ್ಧಕ್ಕರ್ಧ ರೇಟು ಕಮ್ಮಿ."

ಇಟ್ಟಿರುತ್ತಾನೆ. ಎಲ್‌ಆರ್44 ಅಂತ, ಕ್ಯಾಲ್ಕುಲೇಟರಿಗೆ, ಮಕ್ಕಳ ಆಟದ ಸಾಮಾನಿಗೆ ಹಾಕುವ ಸೆಲ್ಲು. ಅಗಲ, ದಪ್ಪ ಎರಡೂ 675ರದೇ. ಕೂರುತ್ತದೆ, ಬಾಗಿಲೂ ಮುಚ್ಚುತ್ತದೆ, ಮಿಷನ್ನೂ ಮಾತಾಡುತ್ತದೆ. ಆದರೆ ಒಳಗಿನ ಸರಕು ಬೇರೆ. ಕಿವಿ ಸೆಲ್ಲು ಸತುವಿನದು, ಅದಕ್ಕೆ ಬೇಕಾದ ಆಮ್ಲಜನಕವನ್ನು ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಸ್ಟಿಕ್ಕರ್ ಕಿತ್ತರೆ ಕಾಣುವ ಸೂಜಿಮೊನೆಯಷ್ಟು ತೂತುಗಳು ಅದಕ್ಕೇ. ಅರ್ಧ ಸಾಮಾನು ಗಾಳಿಯಿಂದ ಬರುವುದರಿಂದ ಒಳಗಿನ ಜಾಗವನ್ನೆಲ್ಲ ಸತುವಿಗೇ ಬಿಡಬಹುದು. 675ರಲ್ಲಿ ಸುಮಾರು 600 ಮಿಲಿ ಆಂಪಿಯರ್ ಅವರ್ ಇರುತ್ತದೆ. ಅದೇ ಸೈಜಿನ ಎಲ್‌ಆರ್44ರಲ್ಲಿ 150 ಸಿಕ್ಕಿದರೆ ದೊಡ್ಡದು.

"ಅಂದ್ರೆ ನಾಲ್ಕನೇ ಒಂದು ಭಾಗ. ರೇಟು ಅರ್ಧ, ಕೆಲಸ ಕಾಲು. ನಷ್ಟವೇ," ಅಂದರು ಮೇಷ್ಟ್ರು ತಕ್ಷಣ. ಇಂಥದ್ದು ಹೇಳಿದರೆ ಅವರಿಗೆ ಬೇರೆ ವಾದ ಬೇಕಿಲ್ಲ.

ಸ್ಟಿಕ್ಕರ್ ಕಿತ್ತ ತಕ್ಷಣ ಹಾಕಬೇಡಿ, ಒಂದು ನಿಮಿಷವಾದರೂ ಗಾಳಿ ಕುಡಿಯಲಿ ಅಂತ ಹೇಳಿದೆ. ಕಿತ್ತ ಸ್ಟಿಕ್ಕರನ್ನು ಮತ್ತೆ ಅಂಟಿಸಿದರೆ ಸೆಲ್ಲು ಉಳಿಯುತ್ತದೆ ಅನ್ನುವುದು ಭ್ರಮೆ, ಒಮ್ಮೆ ಗಾಳಿ ಹೊಕ್ಕ ಮೇಲೆ ಉಪಯೋಗಿಸಲಿ ಬಿಡಲಿ ಅದು ಸವೆಯುತ್ತಲೇ ಇರುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬಾರದು. ಇದನ್ನು ಹೇಳುವಾಗ ಮೇಷ್ಟ್ರು ಒಂದು ಸಲ ತಮ್ಮ ಅಡುಗೆಮನೆ ಕಡೆ ತಿರುಗಿ ನೋಡಿದರು. ನಾನೇನೂ ಕೇಳಲಿಲ್ಲ.

ಅವರ ಜೇಬಿನಿಂದ ಆಮೇಲೆ ಹೊರಬಂದದ್ದು ಇನ್ನೊಂದು ಪೊಟ್ಟಣ. ನ್ಯೂಜೆರ್ಸಿಯಲ್ಲಿರುವ ಮಗ ಬರುವವರ ಕೈಲಿ ಕಳಿಸಿದ್ದಂತೆ. ಒಳಗೆ ಹಿಡಿ ತುಂಬ ಡೋಮುಗಳು, ಎಲ್ಲ ಕಂಪನಿಗೂ ಆಗುತ್ತದೆ ಅಂತ ಮೇಲೆ ಬರೆದಿತ್ತು. ಡೋಮು ಅಂದರೆ ಕಿವಿಯೊಳಗೆ ಹೋಗುವ ತುದಿಗೆ ಹಾಕುವ ಸಿಲಿಕಾನ್ ಟೋಪಿ. ಮೇಷ್ಟ್ರದು ಇತ್ತೀಚಿನ ನಮೂನೆ: ಮಿಷನ್ನು ಕಿವಿ ಹಿಂದೆ, ರಿಸೀವರು ಅಂದರೆ ಸ್ಪೀಕರು ಕಿವಿಯೊಳಗೆ, ನಡುವೆ ಕೂದಲಿಗಿಂತ ಒಂದಿಷ್ಟು ದಪ್ಪಗಿರುವ ವೈರು.

ಒಳಗೆ ಹೋಗಿ ಮಾವನವರ ಭೂತಗನ್ನಡಿ ತಂದೆ. ಗೋಡೆ ಮೇಲೆ ಕರ್ಚೀಫು ಹಾಸಿ, ಅವರ ಹಳೇ ಡೋಮನ್ನೂ ಈ ಹೊಸದನ್ನೂ ಪಕ್ಕಪಕ್ಕ ಬೋರಲು ಹಾಕಿದೆವು. ಹೊರಗಿಂದ ಎರಡೂ ಒಂದೇ, ಅದೇ ಬೂದು ಬಣ್ಣ, ಅದೇ ತೂತು. ಒಳಗೆ ನೋಡಿದರೆ ಹಳೆಯದರ ಕುತ್ತಿಗೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬಳೆಯೊಂದಿದೆ, ಅದರ ಅಂಚಿನಲ್ಲಿ ಒಂದು ಮೆಟ್ಟಿಲು. ರಿಸೀವರಿನ ಮೂತಿಯಲ್ಲಿರುವ ಏಣು ಆ ಮೆಟ್ಟಿಲಿಗೆ ಸಿಕ್ಕಿಕೊಂಡು ಟಕ್ ಅನ್ನಬೇಕು. ಹೊಸದರಲ್ಲಿ ಬಳೆಯೂ ಇಲ್ಲ, ಮೆಟ್ಟಿಲೂ ಇಲ್ಲ, ಬರೀ ರಬ್ಬರ್ ಕೊಳವೆ. ಹಾಕಿದರೆ ಕೂರುತ್ತದೆ. ಎಳೆದರೂ ಒಂದು ಮಟ್ಟಿಗೆ ಬರುವುದಿಲ್ಲ.

"ಮತ್ತೆ ಗಟ್ಟಿಯಾಗೇ ಇದೆಯಲ್ಲಮ್ಮ?"

"ಹೊರಗಡೆ ಇದೆ. ಕಿವಿ ಒಳಗೆ ಬೆವರು, ಎಣ್ಣೆ, ಗುಗ್ಗೆ ಎಲ್ಲ ಸೇರಿದ ಮೇಲೆ ರಾತ್ರಿ ಮಿಷನ್ ತೆಗೀತೀರಿ, ವೈರು ಕೈಗೆ ಬರತ್ತೆ, ಟೋಪಿ ಅಲ್ಲೇ ಉಳಿಯತ್ತೆ. ಆಮೇಲೆ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ ಚಿಮಟದಲ್ಲಿ ತೆಗಿಸ್ಕೋಬೇಕು. ಮನೇಲೇ ಕಡ್ಡಿ ಹಾಕಿದ್ರೆ ಇನ್ನೂ ಒಳಕ್ಕೆ ಹೋಗತ್ತೆ."

ಒಂದೇ ಕಂಪನಿಯಲ್ಲೂ ಹಳೇದು ಹೊಸದಕ್ಕೆ ಆಗದಿರುವುದುಂಟು. ಫೋನಾಕ್‌ನವರು ಮಾರ್ವೆಲ್ ಅನ್ನುವ ಮಿಷನ್ನುಗಳ ಕಾಲಕ್ಕೆ ಡೋಮನ್ನು ಸಿಕ್ಕಿಸುವ ಕ್ರಮವನ್ನೇ ಬದಲಾಯಿಸಿದರು. ಅದಕ್ಕಿಂತ ಹಿಂದಿನ ಫೋನಾಕ್ ಡೋಮುಗಳು ಅದಕ್ಕೆ ಸೇರವು. ಓಟಿಕಾನ್‌ನವರ ಮಿನಿಫಿಟ್ ಡೋಮುಗಳಿಗೆ ಮಿಲಿಮೀಟರ್ ಲೆಕ್ಕ: 5, 6, 8, 10, 12. ಫೋನಾಕ್‌ನವರು ಸ್ಮಾಲ್, ಮೀಡಿಯಂ, ಲಾರ್ಜ್ ಅನ್ನುತ್ತಾರೆ. ಅಂಗಡಿಗೆ ಹೋಗಿ "ಎಂಟರದು ಕೊಡಿ" ಅಂದರೆ ಅವರೇನು ಕೊಟ್ಟಾರು?

ಇನ್ನು ಸೈಜು, ಕಂಪನಿ ಎಲ್ಲ ಸರಿಹೋಯಿತು ಅನ್ನಿ. ಅಲ್ಲಿಗೂ ಮುಗಿಯುವುದಿಲ್ಲ. ಮೇಷ್ಟ್ರು ತಾವೇ ಒಂದು ಸಲ ತೂತಿಲ್ಲದ ಡೋಮು ಕೊಂಡು ಹಾಕಿಕೊಂಡಿದ್ದರಂತೆ, ಮುಚ್ಚಿದ್ದಾದರೆ ಗಟ್ಟಿಮುಟ್ಟು ಅಂತ. ಅಂದಿನಿಂದ ತಮ್ಮ ದನಿ ತಮಗೇ ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿಸುತ್ತಿದೆ, ಊಟ ಮಾಡುವಾಗ ಹಪ್ಪಳ ಕಡಿದರೆ ತಲೆಯೊಳಗೇ ಗುಡುಗು ಅಂತ ದೂರು. ಆಗುವುದೇ ಹಾಗೆ. ವಯಸ್ಸಾದ ಬಹಳ ಜನಕ್ಕೆ ಹೋಗಿರುವುದು ಸಣ್ಣ ಕೀರಲು ಸದ್ದು ಕೇಳುವ ಶಕ್ತಿ; ತಗ್ಗಿನ ದಪ್ಪ ದನಿ ಸುಮಾರಾಗಿ ಕೇಳುತ್ತಿರುತ್ತದೆ. ತೂತಿರುವ ಡೋಮು ಹಾಕುವುದು ಆ ದಪ್ಪ ದನಿ ತಾನಾಗಿಯೇ ಹೋಗಿ ಬರಲಿ ಅಂತ. ದಾರಿ ಮುಚ್ಚಿದರೆ ನಮ್ಮ ಮಾತಿನ ಮೊಳಗು ಕಿವಿಯೊಳಗೇ ಉಳಿಯುತ್ತದೆ. ಹಾಗಂತ ಜೋರು ಕಿವುಡು ಇರುವವರು ತೂತಿರುವುದನ್ನು ಹಾಕಿದರೆ ಇನ್ನೊಂದು ಪಾಡು: ದೊಡ್ಡದಾಗಿ ಮಾಡಿ ಒಳಗೆ ಕಳಿಸಿದ ಸದ್ದು ಸಂದಿಯಲ್ಲಿ ಹೊರಬಂದು ಮೈಕಿಗೆ ಹೊಕ್ಕು, ಕುಂಯ್ಯ್ ಅಂತ ಇಡೀ ಮನೆಗೆ ಕೇಳಿಸುತ್ತದೆ, ಹಾಕಿಕೊಂಡವರಿಗೆ ಒಂದನ್ನು ಬಿಟ್ಟು. ಯಾವ ಡೋಮು ಅಂತ ತೀರ್ಮಾನ ಮಾಡುವುದು ಕಿವಿಯ ಗ್ರಾಫು. ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಮಿಷನ್ ಹೊಂದಿಸುವಾಗ ಯಾವ ಡೋಮು ಹಾಕಿದೆ ಅಂತಲೂ ನಮೂದಿಸಿರುತ್ತಾರೆ. ನಾವು ಮನೆಯಲ್ಲಿ ಬೇರೆ ಹಾಕಿಕೊಂಡರೆ ಅವರು ಮಾಡಿದ ಲೆಕ್ಕವೆಲ್ಲ ಮಣ್ಣುಪಾಲು.

"ಹಾಗಾದ್ರೆ ಪೊಟ್ಟಣ?"

"ಹಿಂದಕ್ಕೆ ಕಳಿಸೋ ಖರ್ಚೇ ಅದಕ್ಕಿಂತ ಜಾಸ್ತಿ ಆಗತ್ತೆ. ಇಟ್ಕೊಳ್ಳಿ, ಹಾಕ್ಕೋಬೇಡಿ. ಮಗನಿಗೆ ಮಿಷನ್ನಿನ ಹೆಸರು, ಮಾಡೆಲ್ಲು, ಡೋಮಿನ ಪ್ಯಾಕೆಟ್ ಮೇಲಿರೋದೆಲ್ಲ ಫೋಟೋ ತೆಗೆದು ಕಳಿಸಿ. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು."

ಗುಗ್ಗೆ ಫಿಲ್ಟರಿನ ಕಥೆ ಮೇಷ್ಟ್ರೇ ಹೇಳಿದರು. ಹೋದ ತಿಂಗಳು ಬಲಗಿವಿಯದು ಇದ್ದಕ್ಕಿದ್ದಂತೆ ಸುಮ್ಮನಾಯಿತಂತೆ. ಪೇಟೆಯ ಅಂಗಡಿಯೊಂದಕ್ಕೆ ಹೋದರೆ, ಕೌಂಟರಿನ ಹುಡುಗ ತಿರುಗಿಸಿ ಕೂಡ ನೋಡದೆ "ರಿಸೀವರ್ ಹೋಗಿದೆ ಸಾರ್" ಅಂದು ಸಾವಿರಗಳಲ್ಲಿ ರೇಟು ಹೇಳಿದ. ಮೇಷ್ಟ್ರು ಗಾಬರಿಯಾಗಿ ವಾಪಸು ಬಂದರು. ಅವರ ಮಿಷನ್ನಿನ ಡಬ್ಬಿಯಲ್ಲೇ ಫಿಲ್ಟರಿನ ಕಡ್ಡಿಗಳಿದ್ದವು. ರಿಸೀವರಿನ ಮೂತಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಬಿಳಿ ಜರಡಿ, ಅದೇ ಗುಗ್ಗೆಯನ್ನು ತಡೆಯುವುದು. ಕಡ್ಡಿಯ ಒಂದು ತುದಿ ಹಳೇ ಜರಡಿಯನ್ನು ಚುಚ್ಚಿ ಎಳೆಯಲು, ಇನ್ನೊಂದು ತುದಿಯಲ್ಲಿ ಹೊಸದು ಕೂತಿರುತ್ತದೆ. ಬದಲಾಯಿಸಿದ ಕೂಡಲೇ ಮಿಷನ್ನಿಗೆ ಜೀವ ಬಂತು. ಸದ್ದು ನಿಂತರೆ ಮೊದಲು ಸೆಲ್ಲು, ಆಮೇಲೆ ಈ ಜರಡಿ, ಅದೂ ಅಲ್ಲದಿದ್ದರೆ ರಿಸೀವರಿನ ಮಾತು. ಪಿನ್ನು ಹಾಕಿ ಕೆದಕಿದರೆ ಮಾತ್ರ ಮೊದಲ ದಿನವೇ ರಿಸೀವರಿನ ಮಾತು.

ಈ ಜರಡಿಯಲ್ಲೂ ಪಂಗಡಗಳಿವೆ. ಓಟಿಕಾನ್‌ದು ಪ್ರೋವ್ಯಾಕ್ಸ್ ಮಿನಿಫಿಟ್, ಫೋನಾಕ್‌ನ ಹೊಸವಕ್ಕೆ ಸೆರುಶೀಲ್ಡ್ ಅನ್ನುವ ಚಕ್ರ, ಹಳೇವಕ್ಕೆ ಸೆರುಸ್ಟಾಪ್. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೆ, ಇಲ್ಲ ಸಡಿಲವಾಗಿ ಬೀಳುತ್ತದೆ, ಇಲ್ಲ ಸಿಕ್ಕಿಕೊಂಡು ಬರುವುದೇ ಇಲ್ಲ.

ರಿಸೀವರೇ ನಿಜವಾಗಿ ಹೋಯಿತು ಅನ್ನಿ, ಆಗ ನೋಡಬೇಕಾದ್ದು ಇನ್ನೂ ಹೆಚ್ಚು. ಯಾವ ಕಿವಿ ಅನ್ನುವುದಕ್ಕೆ ಕೆಂಪು, ನೀಲಿ ಚುಕ್ಕೆ ಇರುತ್ತದೆ. ವೈರಿನ ಬಾಗೂ ಆ ಕಿವಿಗೆ ತಕ್ಕ ಹಾಗೇ. ಉದ್ದಕ್ಕೆ 0, 1, 2, 3 ಅಂತ ನಂಬರು. ಗಿಡ್ಡ ಹಾಕಿದರೆ ಕಿವಿಯಿಂದ ಜಾರಿ ಬರುತ್ತದೆ, ಉದ್ದ ಹಾಕಿದರೆ ವೈರು ಕಿವಿ ಮೇಲೆ ಎದ್ದು ನಿಲ್ಲುತ್ತದೆ. ಮೂರನೆಯದು ಶಕ್ತಿ. ಓಟಿಕಾನ್‌ನವರು 60, 85, 100, 105 ಅಂತ ಬರೆದರೆ, ಬೇರೆಯವರು ಎಸ್, ಎಂ, ಪಿ, ಯುಪಿ ಅನ್ನುತ್ತಾರೆ. 85ರ ಜಾಗಕ್ಕೆ 100 ಸಿಕ್ಕಿತು, ಇನ್ನೂ ಜೋರಾಗಿ ಕೇಳುತ್ತದೆ ಅಂತ ಹಾಕಿಕೊಳ್ಳುವುದಲ್ಲ. ಯಾವ ರಿಸೀವರಿದೆ ಅಂತ ಮಿಷನ್ನಿಗೆ ಕಂಪ್ಯೂಟರಿನಲ್ಲಿ ತಿಳಿಸಿ ಹೊಸದಾಗಿ ಹೊಂದಿಸಬೇಕು. ಇಲ್ಲದಿದ್ದರೆ ಬೇಕಾದ್ದಕ್ಕಿಂತ ಜೋರಾಗಿ ಬಡಿದು ಉಳಿದಿರುವ ಕಿವಿಗೂ ಕುತ್ತು.

"ಇಷ್ಟೊಂದು ಜಾತಿ ಯಾಕಮ್ಮ ಮಾಡಿಟ್ಟಿದಾರೆ?" ಮೇಷ್ಟ್ರಿಗೆ ಸಿಟ್ಟೇ ಬಂತು. "ಬಲ್ಬಿನ ಹೋಲ್ಡರು ಎಲ್ಲ ಮನೇಲೂ ಒಂದೇ ಇರತ್ತೆ."

ವ್ಯಾಪಾರ, ಇನ್ನೇನು. ತಾಂತ್ರಿಕ ಕಾರಣ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಒಂದು ರಬ್ಬರ್ ಟೋಪಿಗೆ ಅಷ್ಟೊಂದು ಕಾರಣ ಬೇಕೆ? ನೋಡಿದರೆ ಕುಲಗಳೇನೂ ಬಹಳ ಇಲ್ಲ. ಫೋನಾಕ್, ಯುನಿಟ್ರಾನ್ ಎರಡೂ ಸ್ವಿಟ್ಜರ್ಲೆಂಡಿನ ಸೊನೋವಾ ಮನೆಯವು. ಓಟಿಕಾನ್, ಬರ್ನಾಫಾನ್ ಡೆನ್ಮಾರ್ಕಿನ ಡಿಮಾಂಟ್ ಮನೆಯವು. ರೀಸೌಂಡ್ ಕೂಡ ಡೆನ್ಮಾರ್ಕಿನ ಜಿಎನ್ ಅವರದು. ಸ್ಟಾರ್ಕಿ ಒಂದು ಅಮೆರಿಕದ್ದು. ಆ ಪುಟ್ಟ ಡೆನ್ಮಾರ್ಕಿಗೂ ಕಿವಿಗೂ ಏನು ನಂಟೋ! ಓಟಿಕಾನ್ ಹುಟ್ಟಿದ್ದು 1904ರಲ್ಲಿ, ಹ್ಯಾನ್ಸ್ ಡಿಮಾಂಟ್ ಅನ್ನುವವರು ಕಿವಿ ಕೇಳದ ತಮ್ಮ ಹೆಂಡತಿಗಾಗಿ ಮಿಷನ್ ತರಿಸಿಕೊಳ್ಳಲು ಹೋಗಿ. ಇದನ್ನು ಹೇಳಿದಾಗ ಮೇಷ್ಟ್ರ ಮನೆಯವರು ಕಿಟಕಿಯೊಳಗಿಂದಲೇ "ಕೇಳಿಸ್ಕೊಂಡ್ರಾ?" ಅಂದರು. ಮೇಷ್ಟ್ರಿಗೆ ಸ್ಪಷ್ಟವಾಗಿ ಕೇಳಿಸಿತು.

ಒಂದೇ ಮನೆಯ ಬ್ರ್ಯಾಂಡುಗಳಲ್ಲಿ ಕೆಲವು ಭಾಗ ಒಂದರದು ಇನ್ನೊಂದಕ್ಕೆ ಆಗುವುದುಂಟು. ಬರ್ನಾಫಾನ್ ಇರುವವರು ಮಿನಿಫಿಟ್ ಡೋಮು ಕೇಳುವುದು ಅದಕ್ಕೇ. ಹಳೇ ಸೀಮೆನ್ಸ್ ಮಿಷನ್ ಇಟ್ಟುಕೊಂಡವರು ಕಂಪನಿಯೇ ಮುಚ್ಚಿತು ಅಂತ ಕೈಚೆಲ್ಲುತ್ತಾರೆ. ಮುಚ್ಚಲಿಲ್ಲ, ಕೈ ಬದಲಾಯಿತು. 2015ರಲ್ಲಿ ಸೀಮೆನ್ಸ್‌ನವರು ಆ ಭಾಗವನ್ನು ಮಾರಿದರು, ಆಮೇಲೆ ಅದಕ್ಕೆ ಸಿಗ್ನಿಯಾ ಅಂತ ಹೆಸರು ಬಂತು, 2019ರಲ್ಲಿ ವೈಡೆಕ್ಸ್ ಅನ್ನುವ ಕಂಪನಿ ಜೊತೆ ಸೇರಿ ಒಂದಾಯಿತು. ಸೀಮೆನ್ಸ್ ಮಿಷನ್ನಿನ ಬಿಡಿಭಾಗಕ್ಕೆ ಸಿಗ್ನಿಯಾದವರನ್ನು ವಿಚಾರಿಸಿದರೆ ದಾರಿ ಸಿಗುತ್ತದೆ. ಹೆಸರೊಂದು ಗೊತ್ತಿಲ್ಲದೆ ಎಷ್ಟು ಜನ ಒಳ್ಳೇ ಮಿಷನ್ನನ್ನು ಡ್ರಾಯರಿಗೆ ಹಾಕಿದ್ದಾರೋ.

ನಮ್ಮತ್ತೆಯದು ಇಷ್ಟು ನಾಜೂಕಿನದಲ್ಲ, ಅದೇ ನನಗೆ ಸಮಾಧಾನ. ಕಿವಿ ಹಿಂದೆ ದೊಡ್ಡ ಮಿಷನ್ನು, ಅದರ ತಲೆಗೆ ಕೊಕ್ಕೆ, ಕೊಕ್ಕೆಯಿಂದ ಪಾರದರ್ಶಕ ಟ್ಯೂಬು, ಟ್ಯೂಬಿನ ಕೊನೆಗೆ ಕಿವಿಯ ಅಚ್ಚು ತೆಗೆದು ಮಾಡಿಸಿದ ಮೋಲ್ಡು. ಟ್ಯೂಬು 13ನೇ ನಂಬರಿನದು. ಸೆಲ್ಲಿನ 13ಕ್ಕೂ ಇದಕ್ಕೂ ಸಂಬಂಧವಿಲ್ಲ, ಮೇಷ್ಟ್ರೇ, ಅದನ್ನೂ ಈಗಲೇ ಹೇಳಿಬಿಡುತ್ತೇನೆ ಅಂದೆ. ಈ ಟ್ಯೂಬಿನ ಮಟ್ಟಿಗೆ ಕಂಪನಿ ಯಾವುದಾದರೂ ನಡೆಯುತ್ತದೆ. ಆದರೆ ಅದರಲ್ಲೂ ತೆಳು ಗೋಡೆ, ದಪ್ಪ ಗೋಡೆ ಅಂತ ಇದೆ. ಅತ್ತೆಯಷ್ಟು ಜೋರು ಮಿಷನ್ನಿಗೆ ದಪ್ಪ ಗೋಡೆಯದೇ ಬೇಕು, ಇಲ್ಲದಿದ್ದರೆ ಟ್ಯೂಬಿನ ಮೈಯಿಂದಲೇ ಸದ್ದು ಸೋರಿ ಕುಂಯ್ಗುಟ್ಟುತ್ತದೆ.

ಹೊಸ ಟ್ಯೂಬು ಮೆತ್ತಗೆ ನೀರಿನಷ್ಟು ತಿಳಿಯಾಗಿರುತ್ತದೆ. ಕೆಲವು ತಿಂಗಳಾದರೆ ಹಳದಿಗೆ ತಿರುಗಿ, ಬಗ್ಗಿಸಿದರೆ ಬಗ್ಗದೆ, ಕೊಕ್ಕೆಯ ಬಳಿ ಸಣ್ಣ ಬಿರುಕು ಬಿಡುತ್ತದೆ. ಒಳಗೆ ಬೆವರಿನ ಹನಿ ಕೂತರೆ ಸದ್ದೇ ನಿಲ್ಲುತ್ತದೆ. ವಾರಕ್ಕೊಂದು ಸಲ ಕೊಕ್ಕೆಯಿಂದ ಟ್ಯೂಬು ಬಿಡಿಸಿ, ಮೋಲ್ಡನ್ನು ಮಾತ್ರ ಬೆಚ್ಚನೆ ನೀರಲ್ಲಿ ತೊಳೆದು, ರಬ್ಬರ್ ಬುರುಡೆಯಿಂದ ಗಾಳಿ ಊದಿ ಹನಿ ಹೊರಹಾಕುವುದು ನನ್ನ ಭಾನುವಾರದ ಕೆಲಸ. ಅತ್ತೆ ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿರುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡ ತಲೆಯಲ್ಲೇ ಮಿಷನ್ ಏರಿಸಬೇಡಿ, ಮೈಕಿನ ತೂತಿಗೆ ಎಣ್ಣೆ ಇಳಿಯುತ್ತದೆ ಅಂದರೆ, ಆಗ ಅವರಿಗೆ ಮಿಷನ್ ಹಾಕಿರುವುದಿಲ್ಲ, ಕೇಳಿಸುವುದಿಲ್ಲ.

"ಇದೆಲ್ಲ ಉಸಾಬರಿಯೇ ಬೇಡ ಅಂತ ಮಗ ಹೇಳ್ತಿದಾನೆ," ಅಂದರು ಮೇಷ್ಟ್ರು. "ಮುಂದಿನ ಸಲ ಚಾರ್ಜ್ ಮಾಡೋದೇ ತಗೋ ಅಂತ. ಸೆಲ್ಲಿನ ಗೋಜೇ ಇಲ್ಲ."

ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಒಳ್ಳೆಯದೇ. ಆದರೆ ನನಗೊಂದು ಸಂಕಟ. ಎಲ್ಲರೂ ಒಪ್ಪಿದ್ದ ಎರಡೇ ಸಂಗತಿಯಲ್ಲಿ ಒಂದು ಹೋಯಿತಲ್ಲ! ಇನ್ನು ಮೇಲೆ ಬ್ಯಾಟರಿ ಒಳಗೇ ಮುಚ್ಚಿಟ್ಟಿದ್ದು. ಅದು ಸೋತರೆ ಕಂಪನಿಗೇ ಕಳಿಸಬೇಕು. ಚಾರ್ಜರಿನ ವೈರು ಟೈಪ್-ಸಿ ಇರಬಹುದು, ಮಿಷನ್ ಕೂರುವ ಗುಳಿ ಮಾತ್ರ ಆಯಾ ಕಂಪನಿಯದೇ. ನೆಂಟರ ಮನೆಗೆ ಹೋದಾಗ ಚಾರ್ಜರ್ ಮರೆತರೆ, ಅವರ ಮನೆಯಲ್ಲಿ ಇನ್ನೊಬ್ಬರಿಗೆ ಮಿಷನ್ ಇದ್ದರೂ ಪ್ರಯೋಜನವಿಲ್ಲ.

"ಯುರೋಪಿನವರು ಫೋನಿಗೆ ಕಾನೂನು ಮಾಡಿದ್ರಲ್ಲಮ್ಮ, 2024ರಲ್ಲಿ ಜಾರಿಗೆ ಬಂತು, ಎಲ್ಲದಕ್ಕೂ ಒಂದೇ ಚಾರ್ಜರ್ ಅಂತ. ಇದಕ್ಕೂ ಮಾಡಬೇಕಾಗಿತ್ತು."

"ಬರೀರಿ ಅವರಿಗೆ ಒಂದು ಕಾಗದ," ಅಂದೆ. ಮೇಷ್ಟ್ರು ಬರೆದರೂ ಬರೆದಾರು.

ಸೋಮವಾರ ಅವರು ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಹೊರಟಿದ್ದಾರೆ, ಡೋಮಿನ ವಿಷಯ ಕೇಳಿಕೊಂಡು ಬರಲು. ಮೋಲ್ಡಿಗೆ ಅಚ್ಚು ತೆಗೆಯುವುದೂ, ಮಾಡಿಕೊಡುವುದೂ ಅಲ್ಲೇ ಆಗುತ್ತದೆ. ನಮ್ಮತ್ತೆಯ ಟ್ಯೂಬು ಹಳದಿಯಾಗಿದೆ, ನೀವು ಹೋಗುವಾಗ ಹಾಗೇ ಹಾಕಿಸಿಕೊಂಡು ಬನ್ನಿ ಅಂದೆ.

"ಮೋಲ್ಡು ಕೊಟ್ಟಿರು, ಹಾಕಿಸ್ಕೊಂಡು ಬರ್ತೀನಿ."

"ಬರೀ ಮೋಲ್ಡು ಸಾಲದು, ಮಿಷನ್ನೂ ಬೇಕು. ಟ್ಯೂಬು ಎಷ್ಟುದ್ದಕ್ಕೆ ಕತ್ತರಿಸಬೇಕು ಅಂತ ಕಿವಿ ಮೇಲೆ ಇಟ್ಟು ನೋಡಿಯೇ ಕತ್ತರಿಸೋದು."

"ಹಾಗಾದ್ರೆ ನಿಮ್ಮತ್ತೇನೂ ಬರಬೇಕಲ್ಲಮ್ಮ?"

"ಮತ್ತೆ? ಒಂಬತ್ತಕ್ಕೆಲ್ಲ ತಯಾರು ಮಾಡಿಸಿರ್ತೀನಿ. ಆಟೋ ನೀವೇ ಹೇಳಿಬಿಡಿ."